ಹೋಟೆಲಿಗೆ ಒಯ್ದ ಬುತ್ತಿ

ಹೋಟೆಲಿಗೆ ಊಟಕ್ಕೆ ಹೋಗುವಾಗ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವವರನ್ನು ನೀವು ನೋಡಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿಲ್ಲವಾದರೆ ನನ್ನನ್ನು ನೋಡಿಕೊಳ್ಳಿ. ನನ್ನ ಕೈಚೀಲದಲ್ಲಿ ಕನ್ನಡಕ ಇರದೆ ಹೋದೀತು, ಮೊಬೈಲು ಚಾರ್ಜಿಲ್ಲದೆ ಸತ್ತು ಮಲಗಿದ್ದೀತು, ಆದರೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಒಂದು ಸಣ್ಣ ಡಬ್ಬಿಯಲ್ಲಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಇನ್ನೊಂದರಲ್ಲಿ ಯಾವುದಾದರೂ ಪಲ್ಯ ಇದ್ದೇ ಇರುತ್ತದೆ. ಮದುವೆಗೆ ಹೋದರೂ ಇರುತ್ತದೆ, ಆಸ್ಪತ್ರೆಗೆ ಹೋದರೂ ಇರುತ್ತದೆ. ನಮ್ಮ ಮನೆಯವರು ಶಹಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವರು, ಗಿರಾಕಿಗಳ ಮುಂದೆ ನಗುವುದೇ ಅಭ್ಯಾಸವಾದವರು. ಅವರಿಗೂ ಒಮ್ಮೊಮ್ಮೆ ತಡೆಯುವುದಿಲ್ಲ. "ನೀ ಸ್ವರ್ಗಕ್ಕ ಹೋದ್ರೂ ಬುತ್ತಿ ಕಟಗೊಂಡೇ ಹೋಗಾಕಿ," ಎನ್ನುತ್ತಾರೆ. ಅಲ್ಲಿನ ಅಡುಗೆ ಹೇಗಿರುತ್ತದೋ ಯಾರು ಕಂಡಿದ್ದಾರೆ ಎಂಬುದು ನನ್ನ ಉತ್ತರ.

ಇವತ್ತು ಮುಂಜಾನೆ ಆ ಬಿಳಿ ಬಟ್ಟೆಯನ್ನು ಒಗೆದು ಹಗ್ಗಕ್ಕೆ ಹಾಕುವಾಗ ಅದರ ಒಂದು ಮೂಲೆಯಲ್ಲಿ ಕೆಂಪು ಕಲೆ ಕಂಡಿತು. ಎಷ್ಟು ತಿಕ್ಕಿದರೂ ಹೋಗದ ಕಲೆ. ಅದು ನನ್ನ ಅಡುಗೆಯದಲ್ಲ, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಯಾದಗಿರಿಯ ಒಂದು ಹೋಟೆಲಿನ ಪನೀರಿನ ಎಸರು ಅದು. ಆ ದಿನ ಆ ಹೋಟೆಲಿನ ಮೇಜಿನ ಸುತ್ತ ನನ್ನ ಮಗಳ ಮದುವೆಯ ಮಾತು ನಡೆದಿತ್ತು. ನಾನು ಬುತ್ತಿ ಬಿಚ್ಚಿದೆ. ಬಿಚ್ಚಿದ್ದೇ ತಡ, ಅವಳು ಹೂಂ ಅನ್ನುವ ಮೊದಲೇ ಅವಳ ಮದುವೆ ಗಟ್ಟಿಯಾಗಿಬಿಡುವ ಹಂತಕ್ಕೆ ಬಂತು.

ಮಗಳ ಹೆಸರು ಶೈಲಾ. ಯಾದಗಿರಿಯಲ್ಲಿ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಅಲ್ಲಿಯೇ ಗೆಳತಿಯೊಬ್ಬಳ ಜೊತೆ ರೂಮು ಮಾಡಿಕೊಂಡಿದ್ದಾಳೆ. ಯಾರ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅನ್ನುವುದನ್ನು ಕರಾರುವಾಕ್ಕಾಗಿ ಹೇಳುವ ಹುಡುಗಿಗೆ ಚಹಾಕ್ಕೆ ಎಷ್ಟು ಸಕ್ಕರೆ ಹಾಕಬೇಕು ಅನ್ನುವುದು ಇವತ್ತಿಗೂ ಗೊತ್ತಿಲ್ಲ. ಇದಕ್ಕೆ ಮೊದಲು ಒಂದು ಸಂಬಂಧ ಬಂದಿತ್ತು. ನಾವು ಗಂಡ ಹೆಂಡತಿ ಹುರುಪಿನಲ್ಲಿ ಹೂಂ ಅಂದು ಬಾಯಿ ಸಿಹಿ ಮಾಡಿಕೊಂಡ ಮೇಲೆ ಆ ಕಡೆಯವರು ಮೆಲ್ಲಗೆ, "ಲಗ್ನದ ಮ್ಯಾಲ ಹುಡುಗಿ ಡ್ಯೂಟಿ ಬಿಡಬೇಕಾಗ್ತದ್ರಿ," ಅಂದರು. ಆ ಸಂಬಂಧದಿಂದ ಬಿಡಿಸಿಕೊಳ್ಳುವಷ್ಟರಲ್ಲಿ ನಮ್ಮ ನಾಲಿಗೆ ಸೋತಿತು, ಶೈಲಾ ಎಷ್ಟೋ ದಿನ ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಹೀಗಾಗಿ ಈ ಸಲ ಸುರಪುರದ ಸಂಬಂಧ ಬಂದಾಗ ಅವಳು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಅವ್ವಾ, ನಾ ಆ ಹುಡುಗನ ಜೋಡಿ ಒಬ್ಬಾಕಿನ ಮಾತಾಡತೀನಿ. ನನ್ನ ಡ್ಯೂಟಿ ಮಾತು, ನನಗ ಅಡಗಿ ಬರಂಗಿಲ್ಲ ಅನ್ನೋ ಮಾತು, ಎರಡೂ ನಾನ ಹೇಳತೀನಿ. ಅಲ್ಲೀತನಕ ನೀನೂ ಅಪ್ಪನೂ ಹೂಂ ಅನಬ್ಯಾಡ್ರಿ."

ಆಗಲಿ ಅಂದೆ. ಅಂದಿದ್ದೂ ಮನಸ್ಸಿನಿಂದಲೇ.

ಹೆಣ್ಣು ನೋಡುವ ಶಾಸ್ತ್ರವನ್ನು ಹೋಟೆಲಿನಲ್ಲಿ ಇಟ್ಟುಕೊಂಡದ್ದು ನಮ್ಮ ಮನೆಯವರ ಬುದ್ಧಿ. ನಮ್ಮ ಕಡೆ ಹಿರಿಯರು ಹಾಕಿಕೊಂಡು ಬಂದ ಒಂದು ಕಟ್ಟಳೆ ಇದೆ. ಮಾತು ಗಟ್ಟಿಯಾಗುವವರೆಗೆ ಗಂಡಿನ ಕಡೆಯವರು ಹೆಣ್ಣಿನ ಮನೆಯ ರೊಟ್ಟಿ ಮುರಿಯುವುದಿಲ್ಲ. ಚಹಾ ಕುಡಿಯಬಹುದು, ಚೂಡಾ ತಿನ್ನಬಹುದು, ಬಾಳೆಹಣ್ಣು ಸುಲಿಯಬಹುದು. ಆದರೆ ರೊಟ್ಟಿ ಮುರಿದರೆಂದರೆ ಸಂಬಂಧ ಕೂಡಿತು ಎಂದೇ ಲೆಕ್ಕ, ಆಮೇಲೆ ಹಿಂದೆ ಸರಿಯುವುದು ಮರ್ಯಾದಸ್ಥರ ಲಕ್ಷಣವಲ್ಲ. ಹಾಗಂತ ಸುರಪುರದಿಂದ ಯಾದಗಿರಿಯವರೆಗೆ ಬಂದವರನ್ನು ಚೂಡಾ ಕೊಟ್ಟು ಕಳಿಸುವುದು ಹೇಗೆ? "ಹೋಟೆಲಿನಾಗ ಕುಂತ್ರ ಯಾರ ಮನಿ ರೊಟ್ಟಿನೂ ಯಾರೂ ಮುರದಂಗ ಆಗಂಗಿಲ್ಲ. ಹೊಟ್ಟೀನೂ ತುಂಬ್ತದ, ಮಾತೂ ಉಳೀತದ," ಎಂದು ನಮ್ಮ ಮನೆಯವರು ಸುರಪುರದವರನ್ನೂ ಒಪ್ಪಿಸಿದರು. ಶೈಲಾಗೂ ಇದು ಹಿಡಿಸಿತು. ನಾನು ಮಾತ್ರ ಹೋಟೆಲು ಎಂದ ಕೂಡಲೇ ಮುಖ ಸಿಂಡರಿಸಿದೆ.

ಹೋಟೆಲಿನ ಬಗ್ಗೆ ನನಗೇಕೆ ಇಷ್ಟು ಅನುಮಾನ ಎಂದು ನೀವು ಕೇಳಬಹುದು. ಇದು ನನ್ನ ತವರು ವನದುರ್ಗದಿಂದ ಬಂದದ್ದು. ನಮ್ಮವ್ವ ಮುಂಜಾನೆ ಕಟ್ಟಿಕೊಟ್ಟ ಬುತ್ತಿಯನ್ನು ಹೊಲಕ್ಕೆ ಒಯ್ಯುವ ಕೆಲಸ ನನ್ನದಾಗಿತ್ತು. ತಲೆಯ ಮೇಲೆ ಗಂಟು, ಗಂಟಿನಿಂದ ಬಿಸಿ ರೊಟ್ಟಿಯ ಹಬೆ ನೆತ್ತಿಗೆ ತಾಗುತ್ತಿತ್ತು. ಹೊಲದಲ್ಲಿ ಅಪ್ಪ ಉಳ್ಳಾಗಡ್ಡಿಯನ್ನು ಬದುವಿನ ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಒಂದು ಗುದ್ದು ಗುದ್ದುತ್ತಿದ್ದ. ಅದು ಹೂವಿನ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಚಾಕುವಿನಿಂದ ಹೆಚ್ಚಿದ ಉಳ್ಳಾಗಡ್ಡಿಗೆ ಆ ರುಚಿ ಬರುವುದಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ, ಆದರೆ ನನ್ನ ಮುಷ್ಟಿಗೆ ಉಳ್ಳಾಗಡ್ಡಿ ಹೆದರುವುದಿಲ್ಲ. ಒಮ್ಮೆ ಗುದ್ದಲು ಹೋಗಿ ಕೈ ಬಾತು, ವಾರದವರೆಗೆ ರೊಟ್ಟಿ ಬಡಿಯಲಾಗದೆ ನಮ್ಮ ಮನೆಯವರು ಅನ್ನ ತಿಂದುಕೊಂಡಿದ್ದರು.

ಮೊದಲ ಸಲ ಹೋಟೆಲು ಕಂಡದ್ದೂ ಅಪ್ಪನ ಜೊತೆಗೇ. ಯಾವುದೋ ಕೆಲಸಕ್ಕೆ ಯಾದಗಿರಿಗೆ ಕರೆದುಕೊಂಡು ಹೋಗಿದ್ದ. ಸ್ಟೇಷನ್ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಕುಳಿತು ಅಪ್ಪ ಒಂದು ಪ್ಲೇಟು ಪಲ್ಯ ಮಾತ್ರ ಹೇಳಿದ, ರೊಟ್ಟಿ ನಮ್ಮ ಗಂಟಿನದು. ಆಗ ಅದು ನಾಚಿಕೆಯ ಸಂಗತಿಯಾಗಿರಲಿಲ್ಲ. ಸುತ್ತಲಿನ ಮೇಜುಗಳಲ್ಲಿಯೂ ಹಳ್ಳಿಯಿಂದ ಬಂದವರು ತಮ್ಮ ತಮ್ಮ ಗಂಟು ಬಿಚ್ಚಿಕೊಂಡು ಕುಳಿತಿದ್ದರು. ಹೋಟೆಲಿನ ಮಾಲಕ ತಾನಾಗಿಯೇ ಹಸಿಮೆಣಸಿನಕಾಯಿ ತಂದಿಟ್ಟು, "ಯಾ ಊರಿನ ಜ್ವಾಳ್ರಿ ಇದು? ಬಣ್ಣ ಚಲೋ ಅದ," ಎಂದು ನಮ್ಮ ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಹೋಟೆಲಿನವನು ಗಿರಾಕಿಯ ಊಟದ ರುಚಿ ನೋಡುವ ಕಾಲ ಅದು. ಈಗ ಗೋಡೆಯ ಮೇಲೆ 'ಹೊರಗಿನ ತಿಂಡಿಗೆ ಅವಕಾಶವಿಲ್ಲ' ಎಂದು ಬೋರ್ಡು ಹಾಕಿರುತ್ತಾರೆ. ನಾನು ಓದಿಯೂ ಓದದವಳ ಹಾಗೆ ಕೂಡುತ್ತೇನೆ.

ಇನ್ನು ನನ್ನ ಪಾತ್ರೆಗಳ ಮಾತು. ನನ್ನ ಅಡುಗೆಮನೆಯಲ್ಲಿ ಮಕ್ಕಳಿಗಿಂತ ಹೆಚ್ಚು ಮುದ್ದಾಗಿ ಬೆಳೆದದ್ದು ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು. ಲಗ್ನವಾಗಿ ಬಂದಾಗ ತವರಿನಿಂದ ತಂದದ್ದು. ಹೊಸ ಹಂಚನ್ನು ಹಾಗೇ ಒಲೆಗೇರಿಸಿದರೆ ಅದು ಮೊದಲ ರೊಟ್ಟಿಯನ್ನು ಕಚ್ಚಿ ಹಿಡಿದು ಬಿಡುವುದೇ ಇಲ್ಲ. ದಿನಾ ಉಳ್ಳಾಗಡ್ಡಿ ಹೋಳಿನಿಂದ ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಸವರಿ ಪಳಗಿಸಬೇಕು. ಕಟ್ಟಿಗೆ ಒಲೆಯ ಕಾಲದಲ್ಲಿ ರೊಟ್ಟಿ ಮುಗಿದ ಮೇಲೆ ಹಂಚಿನ ತಳದ ಮಸಿಯಲ್ಲಿ ಕಿಡಿಗಳು ಪಳಪಳ ಓಡಾಡುತ್ತಿದ್ದವು. "ಹಂಚು ನಗಾಕತ್ತದ, ಯಾರೋ ಬರ್ತಾರ," ಎಂದು ನಮ್ಮವ್ವ ಇನ್ನೊಂದು ಹಿಡಿ ಹಿಟ್ಟು ಕಲಸುತ್ತಿದ್ದಳು. ಯಾರೂ ಬರದಿದ್ದರೆ ಆ ರೊಟ್ಟಿ ನನ್ನ ಪಾಲು. ಗ್ಯಾಸಿನ ಮೇಲೆ ಮಸಿಯೂ ಇಲ್ಲ, ಕಿಡಿಯೂ ಇಲ್ಲ. ಈಗ ಬರುವ ಮಂದಿ ಫೋನು ಮಾಡಿಯೇ ಬರುತ್ತಾರೆ.

ಆ ಹಂಚಿಗೆ ಬಂದ ಗಂಡಾಂತರವೆಂದರೆ ನನ್ನ ಮಗಳೇ. ರಜೆಗೆ ಬಂದ ಶೈಲಾ ಒಂದು ಮಧ್ಯಾಹ್ನ ನಾನು ಮಲಗಿದ್ದಾಗ ನನಗೆ ಸಹಾಯ ಮಾಡುವ ಪ್ರೀತಿ ಉಕ್ಕಿ ಬಂದು, ಹಂಚನ್ನು ತಂತಿಯ ನಾರಿನಿಂದ ಸೋಪು ಹಾಕಿ ತಿಕ್ಕಿ, ಬೆಳ್ಳಿಯ ತಾಟಿನಂತೆ ಬೆಳಗಿ ಬಿಸಿಲಿಗಿಟ್ಟಿದ್ದಳು. ಎದ್ದು ನೋಡಿದೆ. "ಎಷ್ಟು ಹೊಲಸಿತ್ತವ್ವಾ, ಕರ್ರಗ ಮಸಿ ಆಗಿತ್ತು," ಎಂದು ಅವಳು ಹೆಮ್ಮೆಯಿಂದ ಹೇಳಿದಳು. ಎಷ್ಟೋ ವರ್ಷಗಳ ಎಣ್ಣೆ, ಉಳ್ಳಾಗಡ್ಡಿ, ಸಮಾಧಾನ ಎಲ್ಲವೂ ಬಚ್ಚಲಿನಲ್ಲಿ ಹರಿದು ಹೋಗಿದ್ದವು. ಬೈಯಲು ಬಾಯಿ ತೆರೆದೆ, ಅವಳ ಕೈ ಕೆಂಪಾಗಿದ್ದನ್ನು ನೋಡಿ ಮುಚ್ಚಿಕೊಂಡೆ. ಮುಂದೆ ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ರೊಟ್ಟಿಗೆ ದುಂಡನೆಯ ಆಕಾರ ಇರಲಿಲ್ಲ. ಆವತ್ತೇ ನಾನು ತೀರ್ಮಾನ ಮಾಡಿದೆ, ಈ ಹುಡುಗಿಗೆ ಅಡುಗೆ ಕಲಿಸುವುದಕ್ಕಿಂತ ಅಡುಗೆಮನೆಗೆ ಬೀಗ ಹಾಕುವುದು ಸುಲಭ.

ಪುಂಡಿಪಲ್ಯಕ್ಕೆ ಬೇರೆಯೇ ಪಾತ್ರೆ. ಪುಂಡಿ ಹುಳಿಸೊಪ್ಪು, ಕಬ್ಬಿಣಕ್ಕೆ ಹಾಕಿದರೆ ಕಪ್ಪಾಗಿ ಮುನಿಸಿಕೊಳ್ಳುತ್ತದೆ, ಅಲ್ಯೂಮಿನಿಯಂನ ಜರ್ಮನ್ ಬೋಗುಣಿಗೆ ಹಾಕಿದರೆ ಪಾತ್ರೆಯ ರುಚಿ ನಾಲಿಗೆಗೆ ಬರುತ್ತದೆ. ಅದಕ್ಕೆ ಮಣ್ಣಿನ ಗಡಿಗೆಯೇ ಆಗಬೇಕು. ಸೊಪ್ಪು, ಜೋಳದ ನುಚ್ಚು, ತೊಗರಿಬೇಳೆ, ಹಸಿಮೆಣಸಿನಕಾಯಿ ಎಲ್ಲಾ ಕೂಡಿಸಿ ಬೇಯಿಸಿ, ಮಸೆದು, ಮೇಲೆ ಗಾಣದ ಎಣ್ಣೆಯಲ್ಲಿ ಬಳ್ಳೊಳ್ಳಿಯ ಒಗ್ಗರಣೆ. ಮಾಡಿದ ದಿನಕ್ಕಿಂತ ಮರುದಿನ ಅದರ ರುಚಿ ಹೆಚ್ಚು. ಒಮ್ಮೆ ನಮ್ಮ ಮನೆಯವರು ಕಲಬುರಗಿಯಿಂದ ನಾನ್‌ಸ್ಟಿಕ್ ಕಡಾಯಿ ತಂದುಕೊಟ್ಟರು, ಪಾಪ ಪ್ರೀತಿಯಿಂದಲೇ. ಅದಕ್ಕೆ ಸ್ಟೀಲಿನ ಸೌಟು ತಾಗಿಸಬಾರದು, ಉರಿ ಜೋರು ಮಾಡಬಾರದು, ತಿಕ್ಕಬಾರದು. ಹೊಸ ಅಳಿಯನನ್ನು ನೋಡಿಕೊಂಡ ಹಾಗೆ ನೋಡಿಕೊಂಡರೂ ವರ್ಷದೊಳಗೆ ಅದರ ಕರಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಬರತೊಡಗಿತು. ಪಕ್ಕದ ಮನೆಯ ಮೆಹರುನ್ನಿಸಾ ಖಾಲಾ ಬಂದು ನೋಡಿ, "ಅರೇ ಬೆಹೆನ್, ಇದು ಭಾಂಡಾ ಅಲ್ಲ, ನಾಟಕದ ಬಣ್ಣ. ಬ್ಯಾಳಿ ಜೋಡಿ ಅದೂ ಹೊಟ್ಟಿಗೆ ಹೋಗ್ತದ," ಅಂದರು. ಖಾಲಾ ತಮ್ಮ ಮನೆಯಲ್ಲಿ ಇವತ್ತಿಗೂ ಕಲಾಯಿ ಹಾಕಿಸಿದ ತಾಮ್ರದ ದೇಗಚಿಯಲ್ಲಿಯೇ ಹುಳಿ ಹಿಂಡಿದ ಖಟ್ಟಿ ದಾಲ್ ಮಾಡುತ್ತಾರೆ. ಅವರ ದಾಲು ನಮ್ಮ ಮನೆಗೆ, ನಮ್ಮ ಪುಂಡಿ ಅವರ ಮನೆಗೆ ಗೋಡೆಯ ಮೇಲಿಂದ ಓಡಾಡುತ್ತದೆ. ಹೋಟೆಲಿನ ಸಾಲನ್, ಎಂದರೆ ಪಲ್ಯದ ಎಸರಿನ ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಮತ. "ಒಂದ ಸಾಲನ್ ಮಾಡತಾರ, ನಾಕ ಹೆಸರ ಇಡತಾರ," ಎನ್ನುತ್ತಾರೆ ಖಾಲಾ.

ಇಂಥ ಹಿನ್ನೆಲೆಯವಳು ಆ ಭಾನುವಾರ ಯಾದಗಿರಿಗೆ ಹೊರಟಾಗ ಬುತ್ತಿ ಕಟ್ಟಿದ್ದು ನಿಜ. ಆದರೆ ನೀವು ನಂಬಬೇಕು, ಬೀಗರಿಗೆ ಬಡಿಸಲೆಂದು ಕಟ್ಟಿದ್ದಲ್ಲ. ಹೋಟೆಲಿನ ಊಟ ಮುಗಿಸಿ ಹಸಿದುಕೊಂಡು ಬಸ್ಸು ಹತ್ತಿದಾಗ ನಾವು ಗಂಡ ಹೆಂಡತಿ ತಿನ್ನಲೆಂದು ಕಟ್ಟಿದ್ದು. ಪುಂಡಿಪಲ್ಯ ಮಾತ್ರ ತುಸು ಹೆಚ್ಚೇ ಇತ್ತು, ಶೈಲಾಗೆ ರೂಮಿಗೆ ಕೊಡೋಣ ಎಂದು. ನಮ್ಮ ಮನೆಯವರು ಚೀಲದ ಉಬ್ಬು ನೋಡಿ, "ಇವತ್ತರ ಬ್ಯಾಡಾಗಿತ್ತು," ಅಂದರು. "ಬಿಚ್ಚಂಗಿಲ್ರಿ, ಸುಮ್ಮ ನಡೀರಿ," ಅಂದೆ.

ಹೋಟೆಲಿನ ಹೊರಗೆ 'ಜವಾರಿ ಊಟ' ಎಂದು ದೊಡ್ಡ ಅಕ್ಷರ, ಪಕ್ಕದಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಗಳ ಚಿತ್ರ. ಒಳಗೆ ಎಸಿಯ ಚಳಿ, ಮಬ್ಬು ಬೆಳಕು. ತಿನ್ನುವುದು ಸರಿಯಾಗಿ ಕಾಣಿಸಬಾರದು ಎಂದೇ ಇಂಥ ಬೆಳಕು ಇಡುತ್ತಾರೇನೋ. ಸುರಪುರದವರು ಆಗಲೇ ಬಂದು ಕುಳಿತಿದ್ದರು. ಹುಡುಗನ ಹೆಸರು ಶರಣು, ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸ, ಮಾತು ಕಡಿಮೆ, ಇಸ್ತ್ರಿ ಮಾಡಿದ ಅಂಗಿ. ಅವನ ತಂದೆ, ತಾಯಿ, ಮತ್ತು ಆಯಿ, ಎಂದರೆ ತಂದೆಯ ತಾಯಿ. ಆಯಿಗೆ ಹಲ್ಲು ಅಲ್ಲೊಂದು ಇಲ್ಲೊಂದು. ಇಳಕಲ್ ಸೀರೆಯ ಸೆರಗನ್ನು ಎಸಿಯ ಗಾಳಿಗೆ ತಲೆತುಂಬ ಹೊದ್ದು ಕುಳಿತಿದ್ದರು. ಶೈಲಾ ಡ್ಯೂಟಿಯಿಂದ ನೇರವಾಗಿ ಬಂದಿದ್ದಳು, ಮುಖ ತೊಳೆದು ಬೊಟ್ಟು ಸರಿಮಾಡಿಕೊಂಡದ್ದೇ ಅವಳ ಅಲಂಕಾರ. ಎದುರು ಬದುರು ಕುಳಿತು ನಮಸ್ಕಾರ, ಬಿಸಿಲು, ಬಸ್ಸು ಎಂದು ಮಾತು ಶುರುವಾಯಿತು. ಊಟದ ನಂತರ ಹುಡುಗ ಹುಡುಗಿ ಬೇರೆ ಕುಳಿತು ಮಾತಾಡಲಿ ಎಂದು ಗಂಡಸರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರು.

ಪುಂಡಿಪಲ್ಯ ಇದೆಯೇ ಎಂದು ಆಯಿ ಕೇಳಿದರು. ವೇಟರು, "ಸೀಜನ್ ಇಲ್ರಿ," ಅಂದ. ಬಸ್ ಸ್ಟ್ಯಾಂಡಿನಿಂದ ಬರುವಾಗ ದಾರಿಯುದ್ದಕ್ಕೂ ಪುಂಡಿಯ ಕಟ್ಟುಗಳನ್ನು ದಾಟಿಕೊಂಡು ಬಂದಿದ್ದೆ, ಆದರೂ ನಾಲಿಗೆ ಕಚ್ಚಿಕೊಂಡೆ. ನಂತರ ಊಟ ಬಂತು. ಮೂರು ಬಟ್ಟಲುಗಳಲ್ಲಿ ಮೂರು ಹೆಸರಿನ ಪಲ್ಯ, ಅದರಲ್ಲೊಂದು ಪನೀರಿನದು, ಮೂರರ ಮೈಮೇಲೂ ಅದೇ ಕೆಂಪು ಎಸರು. ಬದನೆಕಾಯಿಯನ್ನು ಗೋಡಂಬಿ ಅರೆದು ಸಿಹಿ ಮಾಡಿಟ್ಟಿದ್ದರು. ಬದನೆಕಾಯಿ ಅವರಿಗೇನು ಅನ್ಯಾಯ ಮಾಡಿತ್ತೋ. ಶೇಂಗಾ ಹಿಂಡಿಯನ್ನು ಕಣ್ಣಿನ ಔಷಧಿಯ ಹಾಗೆ ಒಂದು ಸಣ್ಣ ಬಟ್ಟಲಲ್ಲಿ ಇಷ್ಟೇ ಇಷ್ಟು ಇಟ್ಟಿದ್ದರು. ಮತ್ತು ರೊಟ್ಟಿ. ಅದನ್ನು ಮೂಲೆ ಮೂಲೆಯಾಗಿ ಕತ್ತರಿಸಿ ಜೋಡಿಸಿದ್ದರು. ಜೋಳದ ಹಿಟ್ಟಿಗೆ ಗೋಧಿಯನ್ನು ಕೂಡಿಸಿ ದಪ್ಪಗೆ ತಟ್ಟಿದ್ದು, ಎಳೆದರೆ ಎಳೆದಷ್ಟೂ ಬರುತ್ತಿತ್ತು. ಒಳ್ಳೆಯ ಜೋಳಕ್ಕೆ ತನ್ನದೇ ಜಿಗಿ ಇರುತ್ತದೆ, ಕುದಿಯುವ ನೀರು ಹಾಕಿ ನಾದಿದರೆ ಸಾಕು, ಯಾರ ಹಿಟ್ಟಿನ ಆಸರೆಯೂ ಬೇಡ. ಇದನ್ನು ನಾನು ಯಾರಿಗೆ ಹೇಳಲಿ?

ಉಳಿದವರು ಹೇಗೋ ಜಗಿದರು. ನನ್ನ ಕಣ್ಣು ಆಯಿಯ ಮೇಲಿತ್ತು. ಅವರು ಒಂದು ತುಂಡನ್ನು ಎಸರಿನಲ್ಲಿ ಅದ್ದಿದರು, ಬಾಯಿಗಿಟ್ಟು ಈ ಕಡೆ ಆ ಕಡೆ ಹೊರಳಿಸಿದರು, ಮೆಲ್ಲಗೆ ತೆಗೆದು ತಾಟಿನ ಅಂಚಿಗಿಟ್ಟರು. ಇನ್ನೊಂದು ತುಂಡಿಗೂ ಅದೇ ಗತಿ. "ಯಾಕ್ರಿ ಆಯಿ, ಊಟ ಮಾಡವಲ್ಲರಿ?" ಎಂದು ಕೇಳಿದೆ. "ಸಾಕಾತ ಯವ್ವಾ, ಹೊಟ್ಟಿ ತುಂಬ್ಯದ," ಅಂದರು. ಸುರಪುರದಿಂದ ಮುಂಜಾನೆ ಹೊರಟ ಮುದುಕಿ, ಹೊಟ್ಟೆ ತುಂಬಿದ್ದು ಎಲ್ಲಿಂದ? ನನ್ನ ಮುಂದೆ ಒಬ್ಬರು ಹಸಿದು ಕುಳಿತಿದ್ದಾರೆ, ನನ್ನ ಕಾಲ ಬುಡದ ಚೀಲದಲ್ಲಿ ಹಪ್ಪಳದಷ್ಟು ತೆಳ್ಳಗಿನ ಮೆತ್ತನೆಯ ರೊಟ್ಟಿ ಇದೆ. ಆಗ ನನಗೆ ಶಹಾಪುರವೂ ನೆನಪಿರಲಿಲ್ಲ, ಸುರಪುರವೂ ನೆನಪಿರಲಿಲ್ಲ. ಕೈ ತಾನಾಗಿಯೇ ಚೀಲದೊಳಗೆ ಹೋಯಿತು. ಮೇಜಿನ ಕೆಳಗೆ ಏನೋ ಕಾಲಿಗೆ ಬಡಿಯಿತು, ಮೇಜಿನ ಕಾಲು ಅಂದುಕೊಂಡೆ. ಅದು ನಮ್ಮ ಮನೆಯವರದು.

ಬಟ್ಟೆ ಬಿಚ್ಚಿ, ಒಂದು ರೊಟ್ಟಿಯನ್ನು ಆಯಿಯ ತಾಟಿಗೆ ಹಾಕಿ, ಪಕ್ಕಕ್ಕೆ ಪುಂಡಿಪಲ್ಯ ಬಡಿಸಿದೆ. ಬಟ್ಟೆಯ ಮೂಲೆ ಪನೀರಿನ ಬಟ್ಟಲಿಗೆ ಬಿದ್ದದ್ದೂ ಆಗಲೇ. ಪುಂಡಿಯ ಹುಳಿ, ಬಳ್ಳೊಳ್ಳಿಯ ಒಗ್ಗರಣೆ, ಎರಡೂ ಕೂಡಿ ಆ ಎಸಿಯಲ್ಲಿ ಘಮ್ಮೆಂದು ಹರಡಿದವು. ಹುಡುಗನ ತಾಯಿ, "ಪುಂಡಿ ಏನ್ರಿ? ನನಗೂ ಒಂಚೂರು ಹಾಕ್ರಿ," ಎಂದು ತಾಟು ಮುಂದೆ ಮಾಡಿದರು. ಹಾಕಿದೆ. ಹುಡುಗನ ತಂದೆಗೂ ಹಾಕಿದೆ, ಇಬ್ಬರಿಗೂ ಒಂದೊಂದು ರೊಟ್ಟಿಯನ್ನೂ ಇಟ್ಟೆ. ವೇಟರು ಓಡಿ ಬಂದು ಬೋರ್ಡಿನ ಕಡೆ ಕೈ ತೋರಿಸಿದ. "ನಿಮ್ಮ ಊಟನೂ ಇಲ್ಲೇ ಅದಲ್ಲೋ ತಮ್ಮಾ, ಯಾರೂ ಓಡಿಸಿಕೊಂಡು ಹೋಗಿಲ್ಲ," ಎಂದು ಅವನನ್ನೂ ಕಳಿಸಿದೆ. ನನ್ನ ಹುರುಪು ಹಾಗಿತ್ತು. ಆಯಿ ರೊಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಬೆಳಕಿಗೆ ಹಿಡಿದು ನೋಡಿ, ನಡುವೆ ಮುರಿದರು.

ಮುರಿದದ್ದು ಕಂಡ ಮೇಲೆ ನನಗೆ ತಿಳಿಯಿತು, ನಾನು ಮಾಡಿದ್ದು ಏನು ಎಂದು.

ಹುಡುಗನ ತಂದೆ ತಮ್ಮ ತಾಟು ನೋಡಿದರು, ಆಯಿಯ ಕೈಯಲ್ಲಿದ್ದ ಮುರಿದ ರೊಟ್ಟಿ ನೋಡಿದರು. ಅವರ ಮುಖದಲ್ಲಿ ನಗು ಹರಡಿತು. "ಹಂಗಾದ್ರ ಬೀಗರು ಮಾತು ಮುಗಿಸೇ ಬಿಟ್ರಲ್ಲ. ಚಲೋ ಆತು ಬಿಡ್ರಿ, ನಮಗೂ ಸುತ್ತು ಹಾಕೋದು ಬರಂಗಿಲ್ಲ," ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಮ್ಮ ಕಡೆ ರೊಟ್ಟಿಯದೂ ಅದೇ ಕಥೆ. ನಮ್ಮ ಮನೆಯವರು ನೀರಿನ ಗ್ಲಾಸು ಎತ್ತಿ ಅದರ ಹಿಂದೆ ಮುಖ ಅಡಗಿಸಿಕೊಂಡರು. ನಾನು ಶೈಲಾಳ ಕಡೆ ನೋಡಲಾರದೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ, ಮತ್ತೆ ಹೀಗೇ ಮಾಡಿದೆಯಲ್ಲ ಅನ್ನುವ ಸೋಲು ಇತ್ತು.

ಅಷ್ಟು ಸಾಲದೆಂಬಂತೆ ಹುಡುಗನ ತಾಯಿ ಕೇಳಿದರು: "ರೊಟ್ಟಿ ಎಷ್ಟು ತೆಳ್ಳಗ ಬಡದಾಳ. ಹುಡುಗಿ ಕೈದೇನ್ರಿ?"

ಬಾಯಿ ತೆರೆದೆ. ಹೌದು ಅಂದರೆ ಸುಳ್ಳಾಗುತ್ತದೆ, ಅಲ್ಲ ಅಂದರೆ ಮಗಳ ಮಾತನ್ನು ನಾನೇ ಕಸಿದುಕೊಂಡ ಹಾಗಾಗುತ್ತದೆ. ಜೀವನದಲ್ಲಿ ಮೊದಲ ಸಲ ನನ್ನ ರೊಟ್ಟಿಯನ್ನು ಹೊಗಳಿದಾಗ ನನಗೆ ಖುಷಿಯಾಗಲಿಲ್ಲ. ಅಷ್ಟರಲ್ಲಿ ಶೈಲಾ ತಾನೇ ಹೇಳಿದಳು.

"ನಾ ಮಾಡಿಲ್ರಿ. ಅವ್ವ ಮಾಡ್ಯಾಳ. ನನಗ ರೊಟ್ಟಿ ಬಡಿಯಾಕ ಬರಂಗಿಲ್ಲ. ಮುಂದನೂ ಕಲೀತೀನಿ ಅಂತ ನಾ ಹೇಳಂಗಿಲ್ರಿ, ನನ್ನ ಡ್ಯೂಟಿ ಹಂಗದ."

ಹುಡುಗನ ತಾಯಿಯ ಕೈ ರೊಟ್ಟಿಯ ಮೇಲೆಯೇ ನಿಂತಿತು. ಪನೀರಿನ ಎಸರಿನ ಮೇಲೆ ಎಣ್ಣೆ ಕೆನೆಗಟ್ಟುವುದನ್ನು ನಾವೆಲ್ಲರೂ ಬಹಳ ಆಸಕ್ತಿಯಿಂದ ನೋಡತೊಡಗಿದೆವು. ಆಗ ಆಯಿ ಮಾತಾಡಿದರು. ಅವರ ಕೈಯಲ್ಲಿ ಮುರಿದ ತುತ್ತು ಹಾಗೇ ಇತ್ತು, ಪುಂಡಿ ಹಚ್ಚಿಕೊಂಡು ಬಾಯಿಯ ಹತ್ತಿರ ಹೋಗಿ ನಿಂತಿತ್ತು.

"ತಂಗಿ, ಇಲ್ನೋಡು," ಅಂದರು ಶೈಲಾಗೆ. "ಮುರಿಯೋದು ಮುರದೀನಿ. ಆದ್ರ ಇನ್ನಾ ಬಾಯಾಗ ಹಾಕ್ಕೊಂಡಿಲ್ಲ. ನೀ ಹೇಳು, ತಿನ್ಲೋ, ಇಡ್ಲೋ?"

ಹುಡುಗನ ತಂದೆ, "ಅವ್ವಾ, ಅಕೀಗ್ಯಾಕ ಕೇಳ್ತಿ," ಎಂದು ನಡುವೆ ಬಾಯಿ ಹಾಕಿದರು. "ಸಂಸಾರ ಮಾಡಾಕಿ ಅಕಿ. ನಿನಗ ಕೇಳ್ಲೇನು?" ಅಂದರು ಆಯಿ.

ಶೈಲಾ ಒಂದು ಕ್ಷಣ ಆ ತುತ್ತನ್ನು ನೋಡಿದಳು. ಹಸಿದ ಮುದುಕಿಯ ಕೈಯ ತುತ್ತು ಇಳಿಸು ಎಂದು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. "ಸದ್ಯ ಇಡ್ರಿ ಆಯಿ. ಮೊದಲ ಇವರ ಜೋಡಿ ಒಂದೆರಡು ಮಾತು ಆಡಬೇಕು," ಅಂದಳು. ಆಯಿ ಇಟ್ಟರು. ಅವರು ಇಟ್ಟದ್ದು ನೋಡಿ ಮಗ ಸೊಸೆಯೂ ತಾಟಿನಿಂದ ಕೈ ತೆಗೆದರು. ಹುಡುಗ ಹುಡುಗಿ ಇಬ್ಬರೂ ಎದ್ದು, ಬಾಗಿಲ ಆಚೆ, ಮೋಟರ್ ಸೈಕಲುಗಳು ನಿಂತ ಕಡೆ ಹೋದರು.

ಗಾಜಿನ ಬಾಗಿಲಿನಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನಾವು ಐದೂ ಜನ ನನ್ನ ರೊಟ್ಟಿಯ ಸುತ್ತ ಕುಳಿತಿದ್ದೆವು, ಒಬ್ಬರೂ ಮುಟ್ಟುವ ಹಾಗಿಲ್ಲ. ಎಸಿಯ ಗಾಳಿಗೆ ರೊಟ್ಟಿಯ ಅಂಚು ಒಣಗಿ ಮೇಲೇಳುವುದನ್ನು ನೋಡುತ್ತ ನನ್ನ ಜೀವ ಚುರುಚುರು ಅನ್ನುತ್ತಿತ್ತು. ಮುಚ್ಚಿಡೋಣವೆಂದರೆ ವಾಪಸು ತೆಗೆದುಕೊಂಡೆ ಎಂದು ತಿಳಿದಾರು, ಬಿಚ್ಚಿಟ್ಟರೆ ಒತ್ತಾಯ ಮಾಡಿದ ಹಾಗಾದೀತು. ನಮ್ಮ ಮನೆಯವರು ಹುಡುಗನ ತಂದೆಯ ಜೊತೆ ಹತ್ತಿಯ ಮಾತು ತೆಗೆದರು, ಅದು ಮಳೆಯವರೆಗೆ ಹೋಗಿ ನಿಂತಿತು. ಹುಡುಗನ ತಾಯಿ ಮಾತ್ರ ರೊಟ್ಟಿಯನ್ನು ನೋಡುತ್ತಲೇ ಇದ್ದರು. ನಾನು ದೇವರಿಗೆ ಹರಕೆ ಹೊರುವಷ್ಟು ಹೆದರಿದ್ದೆ. ಸಂಬಂಧ ತಪ್ಪೀತು ಅಂತಲ್ಲ. ತಪ್ಪಿದರೆ ಇನ್ನೊಂದು ಬಂದೀತು. ನನ್ನ ಕೈಚೀಲದ ಭಾರಕ್ಕೆ ಅವಳು ಮನಸ್ಸಿಲ್ಲದೆ ಹೂಂ ಅಂದುಬಿಟ್ಟರೆ ಅಂತ.

ಅವರಿಬ್ಬರೂ ಅಲ್ಲಿ ಏನು ಮಾತಾಡಿದರು ಎಂದು ಶೈಲಾ ಆಮೇಲೆ ನಮ್ಮನ್ನು ಬಸ್ಸಿಗೆ ಬಿಡಲು ಬಂದಾಗ ಹೇಳಿದಳು. ರಾತ್ರಿ ಡ್ಯೂಟಿ ಇರುತ್ತದೆ, ಕೆಲಸ ಬಿಡುವುದಿಲ್ಲ, ಯಾದಗಿರಿಯಲ್ಲಿಯೇ ಇರುತ್ತೇನೆ ಎಂದು ಇವಳು ಒಂದೇ ಉಸಿರಿಗೆ ಹೇಳಿದ್ದಾಳೆ. ಅವನು ಬಹಳ ಹೊತ್ತು ಯೋಚಿಸಿ, "ಯಾದಗಿರಿಯಿಂದ ಕಡೇಚೂರಿಗೆ ನಮ್ಮ ಕಾರ್ಖಾನಿ ಬಸ್ ಅದ್ರಿ. ನಾನ ಇಲ್ಲಿಗಿ ಬರ್ತೀನಿ, ಅದೇನು ದೊಡ್ಡ ಮಾತಲ್ಲ," ಅಂದಿದ್ದಾನೆ. ರೊಟ್ಟಿ? ಎಂದು ಇವಳು ಕೇಳಿದಳಂತೆ. ಅವನು ಮೊದಲ ಸಲ ನಕ್ಕನಂತೆ. "ನಮ್ಮವ್ವಗ ಭುಜ ನೋವು ಹಿಡದು ಎಷ್ಟೋ ವರ್ಷ ಆತ್ರಿ. ನಮ್ಮ ಮನ್ಯಾಗ ರೊಟ್ಟಿ ಓಣ್ಯಾಗಿನ ಒಬ್ಬಾಕಿ ಮಾಡಿ ಕೊಡ್ತಾಳ. ಇದನ್ನ ನಿಮಗ ಹೆಂಗ ಹೇಳಬೇಕಂತ ನಾವ ಅಂಜಗೊಂಡು ಕುಂತಿದ್ವಿ." ಅಡುಗೆ ಬಾರದ ಹುಡುಗಿಯನ್ನು ಅವರಿಂದ ಮುಚ್ಚಿಡಬೇಕೇನೋ ಎಂದು ನಾನು, ರೊಟ್ಟಿ ಬಡಿಯದ ಮನೆಯನ್ನು ನಮ್ಮಿಂದ ಮುಚ್ಚಿಡಬೇಕೇನೋ ಎಂದು ಅವರು. ಆದರೆ ಗಾಜಿನ ಬಾಗಿಲ ಈಚೆ ಕುಳಿತ ನನಗೆ ಆಗ ಇದು ಯಾವುದೂ ಗೊತ್ತಿರಲಿಲ್ಲ.

ಬಾಗಿಲು ತೆರೆಯಿತು. ಇಬ್ಬರೂ ಒಳಗೆ ಬಂದರು. ಹುಡುಗ ತನ್ನ ಕುರ್ಚಿಯಲ್ಲಿ ಕುಳಿತ. ಶೈಲಾ ಕೂಡಲಿಲ್ಲ. ಅವಳ ಮುಖದಿಂದ ಏನನ್ನೂ ಓದಲು ನನಗಾಗಲಿಲ್ಲ, ಹೆತ್ತವಳಾಗಿಯೂ. ಮೇಜನ್ನು ಸುತ್ತಿಕೊಂಡು ಆಯಿಯ ಪಕ್ಕಕ್ಕೆ ಹೋದಳು. ತಾಟಿನ ಅಂಚಿನಲ್ಲಿ ಕಾಯುತ್ತಿದ್ದ ಆ ತುತ್ತನ್ನು ತೆಗೆದುಕೊಂಡು, ಒಣಗಿದ ತುದಿಯನ್ನು ಚಿವುಟಿ, ಇನ್ನಷ್ಟು ಪುಂಡಿ ಹಚ್ಚಿ, ಅವರ ಅಂಗೈಯಲ್ಲಿಟ್ಟಳು.

"ತಿನ್ರಿ ಆಯಿ," ಅಂದಳು. "ಬಹಳ ಹೊತ್ತು ಕಾಯಿಸಿದೆ ನಿಮಗ."

ನಮ್ಮ ಮನೆಯವರ ಗ್ಲಾಸು ಟಕ್ಕೆಂದು ಮೇಜಿಗೆ ಬಂತು. ನನ್ನ ಕಣ್ಣು ತುಂಬಿತು, ಎಸಿಯ ಗಾಳಿ ಎಂದು ಸೆರಗಿನಿಂದ ಒರೆಸಿಕೊಂಡೆ. ಆಯಿ ತುತ್ತನ್ನು ಬಾಯಿಗೆ ಹಾಕಿಕೊಂಡು, ಇದ್ದ ಹಲ್ಲುಗಳನ್ನೆಲ್ಲ ಕೆಲಸಕ್ಕೆ ಹಚ್ಚಿ, ಅವಸರವಿಲ್ಲದೆ ಜಗಿದರು. ನುಂಗಿದರು. ಒಂದು ಗುಟುಕು ನೀರು ಕುಡಿದರು. ಹೊಗಳುತ್ತಾರೆ ಎಂದು ನಾನು ಸೆರಗು ಸರಿಮಾಡಿಕೊಂಡು ಕುಳಿತೆ.

"ಬೀಗತಿ," ಅಂದರು ಆಯಿ ನನ್ನತ್ತ ತಿರುಗಿ, "ಪಲ್ಯಾಕ ಉಪ್ಪು ಒಂಚೂರು ಮುಂದಾಗ್ಯದ ನೋಡು."

ಹೊರಗಿನವರಾಗಿದ್ದರೆ ಚಲೋ ಆಗ್ಯದ ಎಂದು ಹೇಳಿ ಕೈ ತೊಳೆದುಕೊಂಡು ಹೋಗುತ್ತಿದ್ದರು. "ಹೌದ್ರಿ ಆಯಿ, ಮುಂದಾಗ್ಯದ," ಅಂದೆ, ಅಷ್ಟು ಖುಷಿಯಿಂದ ನನ್ನ ಅಡುಗೆಯ ತಪ್ಪನ್ನು ನಾನು ಎಂದೂ ಒಪ್ಪಿಕೊಂಡಿರಲಿಲ್ಲ. ಇನ್ನೊಂದು ರೊಟ್ಟಿ ತೆಗೆದು ಅವರ ತಾಟಿಗೆ ಹಾಕಿದೆ.